ಓದುಗರ ಪ್ರಶ್ನೆ: ಸಿನ್ಸ್ ಯಾವಾಗ, ಫಾರ್ ಯಾವಾಗ?

ಪ್ರಶ್ನೆ: "ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದೀನಿ" ಅನ್ನೋಕೆ "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್" ಅಂದೆ, ತಪ್ಪು ಅಂದ್ರು. ಸಿನ್ಸ್ ಅಂದ್ರೆ "ಇಂದ" ತಾನೇ?

ಉತ್ತರ: ಇದನ್ನ ತುಂಬಾ ಜನ ಕೇಳ್ತಾರೆ, ಕೇಳೋದು ಸಹಜನೇ, ಯಾಕಂದ್ರೆ ನಾವು "ಸೋಮವಾರದಿಂದ" ಅಂತಾನೂ ಹೇಳ್ತೀವಿ "ಮೂರು ದಿನದಿಂದ" ಅಂತಾನೂ ಹೇಳ್ತೀವಿ, ಎರಡಕ್ಕೂ ನಮಗೆ ಅದೇ "ಇಂದ" ಸಾಕು. ಇಂಗ್ಲಿಷಲ್ಲಿ ಮಾತ್ರ ಇವೆರಡೂ ಬೇರೆ ಬೇರೆ. ಶುರುವಾದ ಟೈಮ್ ಹೇಳಿದ್ರೆ ಸಿನ್ಸ್, ಎಷ್ಟು ಟೈಮ್ ಆಯ್ತು ಅಂತ ಅಳತೆ ಹೇಳಿದ್ರೆ ಫಾರ್. ಸಿನ್ಸ್ ಮಂಡೇ, ಆದ್ರೆ ಫಾರ್ ತ್ರೀ ಡೇಸ್.

ಡೌಟ್ ಬಂದಾಗ ಕನ್ನಡದಲ್ಲೇ ಒಂದು ಪ್ರಶ್ನೆ ಹಾಕ್ಕೊಳ್ಳಿ. ನೀವು ಹೇಳ್ತಿರೋದು "ಯಾವಾಗಿಂದ?" ಅನ್ನೋದಕ್ಕೆ ಉತ್ತರನಾ, "ಎಷ್ಟು ದಿನದಿಂದ?" ಅನ್ನೋದಕ್ಕಾ? ಯಾವಾಗಿಂದ ಅಂದ್ರೆ 2019ರಿಂದ, ಚಿಕ್ಕ ವಯಸ್ಸಿಂದ, ಕೆಲಸಕ್ಕೆ ಸೇರಿದಾಗಿಂದ, ಇವೆಲ್ಲ ಸಿನ್ಸ್. ಎಷ್ಟು ದಿನದಿಂದ ಅಂದ್ರೆ ಹತ್ತು ನಿಮಿಷದಿಂದ, ಆರು ತಿಂಗಳಿಂದ, ತುಂಬಾ ದಿನದಿಂದ, ಇವಕ್ಕೆ ಫಾರ್. ಈ "ತುಂಬಾ ದಿನದಿಂದ" ಅನ್ನೋದನ್ನ "ಸಿನ್ಸ್ ಲಾಂಗ್" ಅಂತ ಬರೆಯೋರು ಬಹಳ, ಅದು "ಫಾರ್ ಎ ಲಾಂಗ್ ಟೈಮ್" ಆಗ್ಬೇಕು.

ಎಲ್ಲರೂ ಎಡವೋದು "ಲಾಸ್ಟ್" ಬಂದಾಗ. "ಸಿನ್ಸ್ ಲಾಸ್ಟ್ ಇಯರ್" ಸರಿ, ಹೋದ ವರ್ಷ ಅನ್ನೋದು ಒಂದು ಗೊತ್ತಾದ ಟೈಮ್. ಅದನ್ನೇ ನೋಡಿ "ಸಿನ್ಸ್ ಲಾಸ್ಟ್ ಟೂ ಇಯರ್ಸ್" ಅಂದ್ಬಿಡ್ತಾರೆ, ಆದ್ರೆ ಎರಡು ವರ್ಷ ಅಂದ ತಕ್ಷಣ ಅದು ಅಳತೆ ಆಗೋಯ್ತು, ಹಾಗಾಗಿ "ಫಾರ್ ದ ಲಾಸ್ಟ್ ಟೂ ಇಯರ್ಸ್" ಅನ್ಬೇಕು.

ಇನ್ನು ನಿಮ್ಮ ವಾಕ್ಯದಲ್ಲಿ "ಆಮ್ ವರ್ಕಿಂಗ್" ಕೂಡ ಸರಿ ಇಲ್ಲ. ಹಿಂದೆ ಶುರುವಾಗಿ ಈಗ್ಲೂ ನಡೀತಿರೋ ಕೆಲಸಕ್ಕೆ "ಹ್ಯಾವ್ ಬೀನ್" ಬೇಕು: "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್". ಇದನ್ನ ಸಣ್ಣ ವಿಷಯ ಅಂತ ದಯವಿಟ್ಟು ಬಿಡ್ಬೇಡಿ, ಇಂಟರ್‌ವ್ಯೂನಲ್ಲಿ "ಐ ವರ್ಕ್ಡ್ ದೇರ್ ಫಾರ್ ಟೂ ಇಯರ್ಸ್" ಅಂದ್ರೆ ಆ ಕೆಲಸ ಬಿಟ್ಟಾಯ್ತು ಅಂತ ಅರ್ಥ, ಈಗ್ಲೂ ಅಲ್ಲೇ ಇದ್ದೀರಿ ಅಂತ ಕೇಳೋರಿಗೆ ಗೊತ್ತೇ ಆಗಲ್ಲ.

"ಇಟ್ ಈಸ್ ಟೂ ಇಯರ್ಸ್ ಸಿನ್ಸ್ ಐ ಜಾಯಿನ್ಡ್" ಅಂತಾನೂ ಕೇಳಿರ್ತೀರಿ, ಇಲ್ಲಿ ಎರಡು ವರ್ಷದ ಪಕ್ಕದಲ್ಲೇ ಸಿನ್ಸ್ ಇದೆಯಲ್ಲ ಅಂತ ಗಾಬರಿ ಬೇಡ, ಸಿನ್ಸ್ ಆದ್ಮೇಲೆ ಏನು ಬಂದಿದೆ ನೋಡಿ, ನಾನು ಸೇರಿದ್ದು, ಅಂದ್ರೆ ಶುರುವಾದ ಟೈಮೇ.

ಫ್ರಮ್ ಬಗ್ಗೆನೂ ಹೇಳ್ಬಿಡ್ತೀನಿ. ಶುರು ಮತ್ತು ಕೊನೆ ಎರಡೂ ಹೇಳುವಾಗ, ಇಲ್ಲಾ ಮುಂದೆ ಶುರುವಾಗೋದಕ್ಕೆ ಅದು ಬರತ್ತೆ: "ಫ್ರಮ್ ಟೆನ್ ಟು ಟ್ವೆಲ್ವ್", "ಐ ವಿಲ್ ಬಿ ಆನ್ ಲೀವ್ ಫ್ರಮ್ ಮಂಡೇ". ಹತ್ತು ಗಂಟೆಯಿಂದ ಇನ್ನೂ ಕಾಯ್ತಾನೇ ಇದ್ರೆ ಮಾತ್ರ "ಐ ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ಟೆನ್", ಅಲ್ಲಿ ಫ್ರಮ್ ಹಾಕ್ಬೇಡಿ.