ಪರೀಕ್ಷೆ ನೆಗೆಟಿವ್ ಬಂದ ಮಾತ್ರಕ್ಕೆ ಪಂಪು ಬಿಡಬೇಡಿ

ಪ್ಲಾಸ್ಟಿಕ್ ಕವರಿನಿಂದ ಅಲರ್ಜಿ ಪರೀಕ್ಷೆಯ ವರದಿ ತೆಗೆದು ಮೇಜಿನ ಮೇಲಿಟ್ಟು, "ಡಾಕ್ಟರೇ, ಇದರಲ್ಲಿ ಏನೂ ಇಲ್ಲವಂತೆ. ಉಬ್ಬಸಕ್ಕೆ ದಿನಾ ಎಳೆಯುವ ಪಂಪು ನಿಲ್ಲಿಸಲೇ?" ಎಂದು ಕೇಳುವವರು ವಾರಕ್ಕೆ ಇಬ್ಬರಾದರೂ ಬರುತ್ತಾರೆ. ಕೇಳುವವರೇ ವಾಸಿ. ಕೇಳದೆ ನಿಲ್ಲಿಸಿದವರನ್ನು ನಾನು ನೋಡುವುದು ನಡುರಾತ್ರಿ, ತುರ್ತು ಚಿಕಿತ್ಸಾ ಘಟಕದಲ್ಲಿ.

ಮುಂಗೈ ಚರ್ಮಕ್ಕೆ ಚುಚ್ಚಿ ನೋಡುವ ಆ ಪರೀಕ್ಷೆ ಹೇಳುವುದು ಇಷ್ಟೇ: ಹಾಸಿಗೆಯ ಧೂಳಿನ ನುಸಿ, ಜಿರಲೆ, ಪಾರ್ಥೇನಿಯಂ ಪರಾಗ ಮುಂತಾದವುಗಳ ವಿರುದ್ಧ ನಿಮ್ಮ ಮೈಯಲ್ಲಿ ಐಜಿಇ ಎಂಬ, ಅಲರ್ಜಿಗೆ ಕಾರಣವಾಗುವ ಪ್ರತಿಕಾಯ ಇದೆಯೇ ಎಂದು. ಶ್ವಾಸನಾಳದ ಒಳಪದರ ಊದಿಕೊಂಡಿದೆಯೇ ಎಂಬುದನ್ನು ಅದು ನೋಡುವುದೇ ಇಲ್ಲ. ಎಷ್ಟು ಸಲ ಹೇಳಿದರೂ ಈ ಒಂದು ಮಾತು ಜಾರಿಹೋಗುತ್ತದೆ, ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ. ಅಲರ್ಜಿ ಎಂಬುದು ಈ ಊತಕ್ಕೆ, ಅಂದರೆ ಉರಿಯೂತಕ್ಕೆ, ಒಂದು ದಾರಿ. ದಾರಿಗಳು ಬೇರೆಯೂ ಇವೆ.

ಅಲರ್ಜಿಯಿಲ್ಲದ ಆಸ್ತಮಾವನ್ನು ಬಾಸ್ಟನ್ನಿನ ವೈದ್ಯ ರಾಕೆಮನ್ 1947ರಲ್ಲೇ ಪ್ರತ್ಯೇಕವಾಗಿ ವಿವರಿಸಿದ್ದರು. ತೊಂಬತ್ತರ ದಶಕದಲ್ಲಿ ಎರಡೂ ಬಗೆಯ ರೋಗಿಗಳ ಶ್ವಾಸನಾಳದಿಂದ ಚೂರು ಅಂಗಾಂಶ ತೆಗೆದು ನೋಡಿದಾಗ ಒಳಚಿತ್ರ ಬಹುಮಟ್ಟಿಗೆ ಒಂದೇ ಆಗಿತ್ತು: ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ದಂಡು, ಅವನ್ನು ಪೋಷಿಸುವ ಇಂಟರ್‌ಲ್ಯೂಕಿನ್-5 ಎಂಬ ಪ್ರೋಟೀನು. ಅಲರ್ಜಿಯಿಲ್ಲದೆ ಇವು ಹೇಗೆ ಬಂದವು? ವೈರಸ್ ಸೋಂಕಿಗೋ ಹೊಗೆಗೋ ಒಳಪದರ ಗಾಸಿಗೊಂಡರೆ ಅಲ್ಲಿನ ಕೋಶಗಳೇ ಅಪಾಯದ ಸಂಕೇತ ಹೊರಡಿಸುತ್ತವೆ. ಆ ಸಂಕೇತಕ್ಕೆ ಓಗೊಡುವ ಒಂದು ಬಗೆಯ ಲಿಂಫ್ ಕೋಶಗಳಿಗೆ ಐಜಿಇಯ ಹಂಗೇ ಇಲ್ಲ. ಎಲ್ಲರಲ್ಲೂ ಹೀಗೇ ಎನ್ನಲಾರೆ. ಕೆಲವರಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದುವವರಲ್ಲಿ, ನ್ಯೂಟ್ರೊಫಿಲ್ ಎಂಬ ಬೇರೊಂದು ಬಗೆಯ ಬಿಳಿ ರಕ್ತಕಣಗಳು ಹೆಚ್ಚಿರುತ್ತವೆ. ಅಂಥವರಿಗೆ ಊತ ತಗ್ಗಿಸುವ ಸ್ಟಿರಾಯ್ಡ್ ಪಂಪು ಅಷ್ಟಾಗಿ ನಾಟುವುದಿಲ್ಲ.

ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿಯುವ ನಲವತ್ತಾರರ ಹೆಣ್ಣುಮಗಳು ನೆನಪಾಗುತ್ತಾರೆ. ಎಳವೆಯಲ್ಲಿ ಉಬ್ಬಸದ ಸುಳಿವೇ ಇರಲಿಲ್ಲ. ಒಂದು ಮಳೆಗಾಲದ ನೆಗಡಿ ಎದೆಗಿಳಿದದ್ದು ಹೋಗಲೇ ಇಲ್ಲ. ಜೊತೆಗೆ ಸೌದೆ ಒಲೆಯ ಹೊಗೆ. ಅಲರ್ಜಿ ವರದಿ ಶುದ್ಧವಾಗಿ ಬಂದಾಗ ದಿನವೂ ಎಳೆಯಬೇಕಾದ ಸ್ಟಿರಾಯ್ಡ್ ಪಂಪನ್ನು ಬಿಟ್ಟು, ಉಸಿರು ಕಟ್ಟಿದಾಗ ಎಳೆಯುವ ನೀಲಿ ಪಂಪನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡರು. ನೀಲಿಯದು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಅದೊಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆ ಬೇಡವೆಂದು ಆಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿ 2019ರಲ್ಲೇ ಹೇಳಿದೆ. ಆರನೇ ವಾರಕ್ಕೆ ಆಕೆಯನ್ನು ಆಟೋದಲ್ಲಿ ಕರೆತಂದಾಗ ಒಂದು ವಾಕ್ಯವನ್ನು ಪೂರ್ತಿ ಆಡುವಷ್ಟು ಉಸಿರೂ ಇರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಆದರೆ ಆ ವರದಿಗೆ ಅವರು ಸಂಬಳದ ಎಷ್ಟು ದಿನಗಳನ್ನು ತೆತ್ತಿದ್ದರೋ! ಅಷ್ಟು ಖರ್ಚು ಮಾಡಿ ಪಡೆದ ಕಾಗದವನ್ನು ನಂಬದೆ ಇರುವುದು ಹೇಗೆ?

ವಯಸ್ಸಾದ ಮೇಲೆ ಶುರುವಾದ ಉಬ್ಬಸದ ಜೊತೆ ಮೂಗಿನಲ್ಲಿ ದುರ್ಮಾಂಸವಿದ್ದರೆ, ಆಸ್ಪಿರಿನ್‌ನಂಥ ನೋವಿನ ಮಾತ್ರೆ ನುಂಗುವ ಮೊದಲು ವೈದ್ಯರಿಗೆ ತಿಳಿಸಿ. ಕೆಲವರಿಗೆ ಅದು ಪ್ರಾಣಕ್ಕೇ ಎರವಾಗಬಹುದು. ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಮೂರು ತಿಂಗಳು ಉಬ್ಬಸ ಹತೋಟಿಯಲ್ಲಿದ್ದರೆ ಪ್ರಮಾಣ ಇಳಿಸುವ ಮಾತನ್ನು ನಾವೇ ಎತ್ತುತ್ತೇವೆ.

ಅಡುಗೆಮನೆಯ ಆ ಹೆಣ್ಣುಮಗಳಿಗೆ ಈಗ ಔಷಧ ಅರ್ಧಕ್ಕೆ ಇಳಿದಿದೆ. ಮಾಲೀಕರು ಸೌದೆ ಒಲೆಯನ್ನು ಹಿತ್ತಿಲಿಗೆ ಸಾಗಿಸಿದ್ದಾರಂತೆ. ಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಮಾತ್ರ ಈಗಲೂ ಕೆಮ್ಮು ಬರುತ್ತದೆ ಎನ್ನುತ್ತಾರೆ.