ಕಡ್ಡಿ ಬದಲಿಸುವ ಮೊದಲು ಬುಡ ನೋಡಿ

ಜೂನ್ ತಿಂಗಳು. ಮೀನುಗಾರಿಕೆಗೆ ನಿಷೇಧವಿದ್ದ ಹೊತ್ತು. ಬೈತಖೋಲದ ಮೀನು ವ್ಯಾಪಾರಿಯೊಬ್ಬರು ತಮ್ಮ ಹಳೆಯ ಕಾರನ್ನು ಕಾರವಾರದ ನನ್ನ ಅಂಗಡಿಯ ಮುಂದೆ ನಿಲ್ಲಿಸಿ, "ಅಣ್ಣಾ, ಆಂಟೆನಾ ಕಡ್ಡಿ ಎರಡು ಸಲ ಹೊಸದು ಹಾಕಿದೆ. ಆದ್ರೂ ಆಕಾಶವಾಣಿ ಕರಕರ ಅಂತದೆ. ಸ್ಟೀರಿಯೋನೇ ಬದಲಿಸಬೇಕಾ?" ಎಂದರು.

ಕಡ್ಡಿ ಫಳಫಳ ಹೊಳೆಯುತ್ತಿತ್ತು. ನಾನು ಅದನ್ನು ಮುಟ್ಟಲಿಲ್ಲ. ಮುಂದಿನ ಮಡ್‌ಗಾರ್ಡಿನ ಒಳಗೆ ಕೈ ಹಾಕಿ, ಆಂಟೆನಾದ ಬುಡ ಹಿಡಿದಿರುವ ನಟ್ಟು ಸಡಿಲಿಸಿದೆ. ಒಂದು ಹಿಡಿ ತುಕ್ಕಿನ ಪುಡಿ ಕೈಗೆ ಉದುರಿತು. ಆ ನಟ್ಟಿನ ಮೇಲೆ ಹಲ್ಲುಹಲ್ಲಾಗಿರುವ ಒಂದು ಲೋಹದ ಬಳೆ ಇರುತ್ತದೆ. ಅದರ ಹಲ್ಲು ಬಣ್ಣ ಕೊರೆದು ಕಾರಿನ ತಗಡನ್ನು ಕಚ್ಚಿ ಹಿಡಿಯಬೇಕು. ಇಲ್ಲಿ ಹಲ್ಲೆಲ್ಲ ಸವೆದು, ಬಳೆಗೂ ತಗಡಿಗೂ ನಡುವೆ ಕಂದು ಹೊಪ್ಪಳೆ ಎದ್ದಿತ್ತು. ಸ್ಟೀರಿಯೋಕ್ಕೆ ಹೋಗುವ ಕೇಬಲ್ಲಿನ ಹೊರಜಾಲರಿ, ಅಂದರೆ ನಡುವಿನ ತಂತಿಯನ್ನು ಸುತ್ತುವರಿದ ತಂತಿಬಲೆ, ಬಂದು ಸೇರುವ ಕಡೆ ಹಸಿರು ಕಿಲುಬು.

ಇಪ್ಪತ್ತು ವರ್ಷಗಳಿಂದ ಈ ಕರಾವಳಿಯ ಕಾರುಗಳ ವೈರಿಂಗ್ ನೋಡುತ್ತಿದ್ದೇನೆ. ರೇಡಿಯೋ ದೂರು ಹೊತ್ತು ಬರುವ ಹೆಚ್ಚಿನ ಗಾಡಿಗಳಲ್ಲಿ ನನಗೆ ಕಾಣುವುದು ಇದೇ. ಜನ ಕಣ್ಣಿಗೆ ಕಾಣುವ ಕಡ್ಡಿಗೆ ದುಡ್ಡು ಹಾಕುತ್ತಾರೆ, ಉಪ್ಪುಗಾಳಿ ತಿನ್ನುವುದು ಕಾಣದ ಬುಡವನ್ನು.

ಬುಡ ಯಾಕೆ ಅಷ್ಟು ಮುಖ್ಯ ಅಂದರೆ, ಆಂಟೆನಾದಲ್ಲಿ ಕಡ್ಡಿ ಅರ್ಧ ಮಾತ್ರ. ಉಳಿದ ಅರ್ಧ ನಿಮ್ಮ ಕಾರಿನ ತಗಡಿನ ಮೈ. ಕಾರವಾರ ಆಕಾಶವಾಣಿ ಬರುವ 102.3 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಹೆಚ್ಚುಕಡಿಮೆ 3 ಮೀಟರ್. ಅದರ ಕಾಲು ಭಾಗ, ಅಂದರೆ 73 ಸೆಂಟಿಮೀಟರ್‌ನಷ್ಟು ಕಡ್ಡಿ ಮೇಲಿದ್ದು, ಕೆಳಗೆ ಬಾಡಿ ಗಟ್ಟಿಯಾಗಿ ಜೋಡಣೆಯಾಗಿದ್ದರೆ ಸಿಗ್ನಲ್ ಚೆನ್ನಾಗಿ ಇಳಿಯುತ್ತದೆ. ಬುಡದ ಅರ್ಥ್, ಅಂದರೆ ಬಾಡಿಯ ಜೊತೆಗಿನ ಈ ಜೋಡಣೆ, ತಪ್ಪಿದರೆ ಅರ್ಧ ಆಂಟೆನಾ ಹೋದ ಹಾಗೆ. ಸಾಲದ್ದಕ್ಕೆ, ಜಾಲರಿಯೇ ತಡೆಯಬೇಕಿದ್ದ ಇಂಜಿನ್ನಿನ ಸ್ಪಾರ್ಕಿನ ಗಲಾಟೆಯೂ ಒಳಗೆ ನುಗ್ಗುತ್ತದೆ. ಎಕ್ಸಲೇಟರ್ ಒತ್ತಿದಂತೆ ಟಕಟಕ ಸದ್ದೂ ಏರುತ್ತಿದ್ದರೆ ಮೊದಲು ಇಲ್ಲಿ ಹುಡುಕಿ.

ಪಾನಾ ಕೈಗೆತ್ತಿಕೊಳ್ಳುವ ಮೊದಲು ಗಾಡಿಯನ್ನು ಬಯಲಿಗೆ, ಕಡಲತೀರದ ರಸ್ತೆಗೆ ಒಯ್ದು ನಿಲ್ಲಿಸಿ ಕೇಳಿ. ದೇವಿಮನೆ ಘಟ್ಟದ ತಿರುವಿನಲ್ಲಿ ಎಫ್‌ಎಂ ಕಡಿದುಹೋದರೆ ಅದು ಆಂಟೆನಾದ ತಪ್ಪಲ್ಲ, ಎಫ್‌ಎಂ ಅಲೆ ಬೆಟ್ಟ ಸುತ್ತಿ ಬರುವುದಿಲ್ಲ. ಅಗ್ಗದ ಮೊಬೈಲ್ ಚಾರ್ಜರ್, ಡ್ಯಾಶ್ ಕ್ಯಾಮರಾ ಸಿಕ್ಕಿಸಿದ್ದರೆ ಕಿತ್ತು ನೋಡಿ. ಅವೂ ಎಫ್‌ಎಂನಲ್ಲಿ ಕರಕರ ಎಬ್ಬಿಸುತ್ತವೆ.

ಆಮೇಲೆ ಸ್ಟೀರಿಯೋ ಹೊರಗೆಳೆದು ಹಿಂದಿನ ಆಂಟೆನಾ ಪಿನ್ ಕಳಚಿ. ಮುಕ್ಕಾಲು ಮೀಟರ್ ವೈರ್ ತಗೊಂಡು, ಸ್ಟೀರಿಯೋದ ಆ ತೂತಿನ ನಟ್ಟನಡುವೆ ಮಾತ್ರ ತಾಗುವಂತೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಿಟಕಿಯಿಂದ ಹೊರಗೆ ಇಳಿಬಿಡಿ. ಸ್ಟೇಷನ್ ಮೊದಲಿಗಿಂತ ಚೆನ್ನಾಗಿ ಬಂತೇ? ಹಾಗಾದರೆ ಸ್ಟೀರಿಯೋ ಸರಿಯಿದೆ, ದೋಷ ಆಂಟೆನಾದ ಕಡೆ.

ಇನ್ನು ಮಲ್ಟಿಮೀಟರ್. ಅದನ್ನು ಓಮ್ ಅಳತೆಗಿಟ್ಟು ಪಿನ್ನಿನ ತುದಿಯಿಂದ ಕಡ್ಡಿಗೆ ಅಳೆದರೆ ಸೊನ್ನೆಯ ಹತ್ತಿರ ಬರಬೇಕು. ಕಡ್ಡಿಯಿಂದ ಬಾಡಿಗೆ ಸಂಪರ್ಕವನ್ನೇ ತೋರಿಸಬಾರದು. ತೋರಿಸಿದರೆ ಬುಡದಲ್ಲಿ ನೀರು ನಿಂತಿದೆ ಅಥವಾ ಕೇಬಲ್ ಎಲ್ಲೋ ಒಳಗೇ ಶಾರ್ಟ್ ಆಗಿದೆ. ಪಿನ್ನಿನ ಹೊರಕವಚದಿಂದ ಬಾಡಿಗೆ ಮತ್ತೆ ಸೊನ್ನೆಯ ಹತ್ತಿರ. ಈ ಮೂರನೆಯದನ್ನು ಅಳೆಯುವಾಗ ಪಿನ್ ಸ್ಟೀರಿಯೋಕ್ಕೆ ಸಿಕ್ಕಿಸಿರಲೇಬಾರದು. ಸಿಕ್ಕಿಸಿದ್ದರೆ ಸ್ಟೀರಿಯೋದ ಅರ್ಥ್ ಹಾದು ಮೀಟರ್ ಎಲ್ಲ ಸರಿಯೆಂದೇ ತೋರಿಸುತ್ತದೆ. ಒಳ್ಳೆಯ ಮೆಕ್ಯಾನಿಕ್‌ಗಳೂ ಇಲ್ಲಿ ಮೋಸ ಹೋಗುವುದನ್ನು ಕಂಡಿದ್ದೇನೆ. ಆ ವ್ಯಾಪಾರಿಯ ಗಾಡಿಯಲ್ಲಿ ಮೀಟರ್ 40 ಓಮ್ ತೋರಿಸುತ್ತಿತ್ತು, ಕೇಬಲ್ ಅಲುಗಿಸಿದರೆ 200ಕ್ಕೆ ಹಾರುತ್ತಿತ್ತು.

ಚಾವಣಿಯ ಮೇಲಿನ ಗಿಡ್ಡ ಆಂಟೆನಾಗಳಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಅಂಥವುಗಳಲ್ಲಿ ಹೆಚ್ಚಿನವುಗಳ ಬುಡದಲ್ಲಿ ಪುಟ್ಟ ಆಂಪ್ಲಿಫೈಯರ್ ಇರುತ್ತದೆ, ಅದಕ್ಕೆ 12 ವೋಲ್ಟ್ ಬೇಕು. ಹೊಸ ಸ್ಟೀರಿಯೋ ಹಾಕಿಸಿದ ದಿನದಿಂದ ರೇಡಿಯೋ ಕ್ಷೀಣವಾಯಿತು ಎನ್ನುವವರ ಗಾಡಿಯಲ್ಲಿ ಸಾಮಾನ್ಯವಾಗಿ ಆಂಟೆನಾಕ್ಕೆ ಈ 12 ವೋಲ್ಟ್ ಕೊಡುವ ನೀಲಿ ವೈರನ್ನು ಜೋಡಿಸದೆ ಬಿಟ್ಟಿರುತ್ತಾರೆ. ಚಾವಣಿಯ ಒಳಹೊದಿಕೆ ಇಳಿಸಬೇಕಾಗಿ ಬಂದರೆ, ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ದಯವಿಟ್ಟು ಮನೆಯಲ್ಲಿ ಕೈ ಹಾಕಬೇಡಿ.

ಶುಚಿ ಮಾಡುವ ಕೆಲಸ ಮನೆಯಂಗಳದಲ್ಲೇ ಆಗುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿ. ಬುಡ ಬಿಚ್ಚಿ, ಬಳೆ ಕಚ್ಚುವ ಜಾಗವನ್ನು ಪಾಲಿಶ್ ಪೇಪರಿನಿಂದ ತಿಕ್ಕಿ. ಬಣ್ಣ ಹೋಗಿ, ತುಕ್ಕು ಹೋಗಿ, ತಗಡು ಹೊಸ ನಾಣ್ಯದ ಹಾಗೆ ಹೊಳೆಯುವವರೆಗೆ ಬಿಡಬೇಡಿ. ಬಳೆ ಸವೆದಿದ್ದರೆ ಹೊಸದು ಹಾಕಿ. ಕೇಬಲ್ಲಿನ ಜಾಲರಿ ಕಪ್ಪಾಗಿದ್ದರೆ ಕೆಂಪು ತಾಮ್ರ ಕಾಣುವ ತನಕ ಕತ್ತರಿಸಿ, ರಾಳದ ಫ್ಲಕ್ಸ್ ಹಾಕಿ ಬೆಸೆಯಿರಿ. ಆಸಿಡ್ ಫ್ಲಕ್ಸ್ ಬೇಡ, ಒಂದು ಮಳೆಗಾಲ ಕಳೆಯುವುದರೊಳಗೆ ಅದೇ ತಾಮ್ರವನ್ನು ತಿಂದುಹಾಕುತ್ತದೆ. ಕಪ್ಪು ಗೇಣುದ್ದ ದಾಟಿದ್ದರೆ ಕೇಬಲ್ ಸಮೇತ ಹೊಸ ಬುಡ ತರುವುದೇ ಒಳಿತು.

ಮನೆಯಲ್ಲಿ ಉಳಿದ ಟಿವಿ ಕೇಬಲ್ ಹಾಕಲೇ ಎಂದು ಶಿರಸಿ ಕಡೆಯವರು ಕೇಳುವುದುಂಟು. ಬೇಡ. ಕಾರಿನ ಆಂಟೆನಾ ಕೇಬಲ್ ಸೀಳಿ ನೋಡಿ, ಟೊಳ್ಳು ಕೊಳವೆಯೊಳಗೆ ಕೂದಲಿನಂಥ ತಂತಿ ಸಡಿಲವಾಗಿ ಬಿದ್ದಿರುತ್ತದೆ. ಅದನ್ನು ಹಾಗೆ ಮಾಡಿರುವುದು ಮೀಡಿಯಂ ವೇವ್‌ಗಾಗಿ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ನ ಅಲೆ ಸುಮಾರು 392 ಮೀಟರ್ ಉದ್ದ, ಅದರ ಮುಂದೆ ಈ ಕಡ್ಡಿ ಎಷ್ಟರದು! ಅದು ಹಿಡಿಯುವ ಅಷ್ಟಿಷ್ಟು ಸಿಗ್ನಲ್ಲನ್ನು ದಪ್ಪ ತಿರುಳಿನ ಟಿವಿ ಕೇಬಲ್ ದಾರಿಯಲ್ಲೇ ನುಂಗಿಬಿಡುತ್ತದೆ. ಎಫ್‌ಎಂ ಬಂದೀತು, ಧಾರವಾಡ ಮಾಯವಾದೀತು.

ಎಲ್ಲ ಬಿಗಿ ಮಾಡಿದ ಮೇಲೆ ಜೋಡಣೆಗೆ ಹೊರಗಿನಿಂದ ವ್ಯಾಸಲೀನ್ ಬಳಿಯಿರಿ. ಮೇಲಿನ ರಬ್ಬರ್ ವಾಷರ್ ಬಿರಿದಿದ್ದರೆ ಹೊಸದು ಹಾಕಿ. ಹುಳಿ ವಾಸನೆ ಬರುವ ಸಿಲಿಕೋನ್ ಹಚ್ಚಬೇಡಿ, ಆ ಹುಳಿಯೇ ತಗಡಿಗೆ ತುಕ್ಕು ಹಿಡಿಸುತ್ತದೆ.

ವ್ಯಾಪಾರಿಯ ಗಾಡಿಗೆ ಬಳೆಯೊಂದೇ ಹೊಸದು ಬಿತ್ತು. ಮೀಟರ್ ಅರ್ಧ ಓಮ್‌ಗೆ ಇಳಿಯಿತು, 102.3 ಮನೆಯ ರೇಡಿಯೋದಷ್ಟೇ ಸ್ವಚ್ಛವಾಗಿ ಬಂತು. ಕೊನೆಗೆ ಬುಡದ ಕೆಳಗೆ ಒಣ ಪೇಪರ್ ಹಾಸಿ ಮೇಲಿನಿಂದ ಎರಡು ಚೊಂಬು ನೀರು ಸುರಿದೆ. ಕಾಲು ಗಂಟೆ ಬಿಟ್ಟು ಪೇಪರ್ ತೆಗೆದು ನೋಡಿದೆವು. ಒಂದು ಹನಿಯೂ ಇಳಿದಿರಲಿಲ್ಲ.