ಐವತ್ತಾರು ವಯೊಲಿನ್‌ಗಳ ಸುಳ್ಳು

ಸಿನಿಮಾ ಸಂಗೀತದ ಸಂಯೋಜಕರು ಕೀಬೋರ್ಡಿನ ಮೇಲೆ ನಾಲ್ಕು ಬೆರಳಿಟ್ಟು ಒಂದು ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ, ಒತ್ತುತ್ತಾರೆ. ಕಂಪ್ಯೂಟರಿನೊಳಗೆ ಇರುವುದು 14 ವಯೊಲಿನ್ ವಾದಕರನ್ನು ಒಟ್ಟಿಗೆ ಕೂರಿಸಿ, ಒಂದೊಂದೇ ಸ್ವರ ನುಡಿಸಿಸಿ ಮುದ್ರಿಸಿಕೊಂಡ ಸ್ಯಾಂಪಲ್‌ಗಳು. ಅಂದರೆ ಒಂದು ಬೆರಳಿಗೆ 14 ಜನ, ನಾಲ್ಕು ಬೆರಳಿಗೆ 56. ಸ್ಪೀಕರಿನಿಂದ ಹೊರಟ ಆ ದಪ್ಪ ನಾದಕ್ಕೆ ನಿರ್ದೇಶಕರು ತಲೆದೂಗಿ ಒಪ್ಪಿಗೆಯನ್ನೂ ಕೊಟ್ಟಾಗಿದೆ. ರೆಕಾರ್ಡಿಂಗ್ ದಿನ ಸ್ಟುಡಿಯೊಗೆ ಬರುವವರು ಮಾತ್ರ ಹದಿನಾಲ್ಕೇ ಮಂದಿ. ಅವರನ್ನು ನಾಲ್ಕು ಸ್ವರಕ್ಕೆ ಹಂಚಿದರೆ ಎರಡಕ್ಕೆ ನಾಲ್ವರು, ಇನ್ನೆರಡಕ್ಕೆ ಮೂವರು. ಪ್ರತಿ ಸ್ವರದ ಮಟ್ಟ ಸುಮಾರು 6 ಡೆಸಿಬೆಲ್ ಕುಸಿಯುತ್ತದೆ. ‘ನಾವು ಒಪ್ಪಿದ್ದು ಇದಲ್ಲವಲ್ಲ’ ಎಂಬ ಮಾತು ಕಂಟ್ರೋಲ್ ರೂಮಿನಲ್ಲಿ ಹುಟ್ಟುವುದು ಇಲ್ಲಿಂದ.

ಆ ಮಾತು ಹುಟ್ಟದಂತೆ ನೋಡಿಕೊಳ್ಳುವುದು ಆರ್ಕೆಸ್ಟ್ರೇಟರ್ ಕೆಲಸ. ರಾಗ ಅವರದಲ್ಲ, ಭಾವ ಅವರದಲ್ಲ. ಆದರೆ ಯಾವ ಸ್ವರವನ್ನು ಯಾರು, ಯಾವ ಸ್ಥಾಯಿಯಲ್ಲಿ, ಎಷ್ಟು ಜೋರಾಗಿ ನುಡಿಸಬೇಕು, ಉಸಿರು ಎಲ್ಲಿ ಎಳೆಯಬೇಕು ಎನ್ನುವುದೆಲ್ಲ ಅವರ ಪಾಲಿಗೆ ಬಂದದ್ದು. 1930ರ ದಶಕದ ಹಾಲಿವುಡ್‌ನಲ್ಲಿ ಮ್ಯಾಕ್ಸ್ ಸ್ಟೈನರ್, ಎರಿಕ್ ಕಾರ್ನ್‌ಗೋಲ್ಡ್ ಅವರಂಥ ಸಂಯೋಜಕರಿಗೆ ಹ್ಯೂಗೊ ಫ್ರೀಡ್‌ಹೋಫರ್ ಈ ಕೆಲಸ ಮಾಡಿಕೊಟ್ಟರು. ಆಗ ಕೈಗೆ ಬರುತ್ತಿದ್ದುದು ಪೆನ್ಸಿಲ್ಲಿನಲ್ಲಿ ಗೀಚಿದ ಕೆಲವೇ ಸಾಲುಗಳ ಸ್ಕೆಚ್. ಈಗ ಬರುವುದು ಯಾವ ಕೀಲಿ ಯಾವಾಗ, ಎಷ್ಟು ಜೋರಾಗಿ ಒತ್ತಿದ್ದು ಎಂಬುದನ್ನು ಸಂಖ್ಯೆಗಳಲ್ಲಿ ದಾಖಲಿಸಿದ ಮಿಡಿ ಫೈಲು ಮತ್ತು ಕಂಪ್ಯೂಟರ್ ನುಡಿಸಿದ ಮಾದರಿ, ಅಂದರೆ ಮಾಕ್‌ಅಪ್. ಪೆನ್ಸಿಲ್ ಸ್ಕೆಚ್ಚಿನಲ್ಲಿ ಮಾಹಿತಿ ಕಡಿಮೆಯಿತ್ತು, ಸುಳ್ಳು ಇರಲಿಲ್ಲ. ಮಾಕ್‌ಅಪ್ಪಿನಲ್ಲಿ ಮಾಹಿತಿಯೂ ಹೇರಳ, ಸುಳ್ಳೂ ಹೇರಳ.

ಮೊದಲ ಸುಳ್ಳು ಸದ್ದಿನದು. ಒಂದೇ ಸ್ವರ ನುಡಿಸುವವರ ಸಂಖ್ಯೆ ಇಮ್ಮಡಿಯಾದರೆ ಮಟ್ಟ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ‘ಎರಡು ಪಟ್ಟು ಜೋರು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ಜನ. 14 ವಯೊಲಿನ್ ಸಾಲದು ಎಂದರೆ 140 ತರಬೇಕಾಗುತ್ತದೆ! ಆದ್ದರಿಂದ ಜೋರು ಬೇಕಾದಾಗ ಅನುಭವಿಗಳು ತಲೆ ಎಣಿಸುವುದಿಲ್ಲ, ವಾದ್ಯ ಬದಲಿಸುತ್ತಾರೆ, ಇಲ್ಲವೇ ಸ್ಥಾಯಿ ಬದಲಿಸುತ್ತಾರೆ. ರಿಮ್‌ಸ್ಕಿ-ಕೊರ್ಸಕೋವ್ ಎಂಬ ರಷ್ಯನ್ ಸಂಯೋಜಕ ಹೇಳಿಹೋದ ಒಂದು ಒರಟು ಲೆಕ್ಕ ಇಂದಿಗೂ ಕೈಹಿಡಿಯುತ್ತದೆ: ಜೋರಾಗಿ ನುಡಿಸುವಾಗ ಒಂದು ಟ್ರಂಪೆಟ್ಟಿಗೆ ಎರಡು ಫ್ರೆಂಚ್ ಹಾರ್ನ್ ಸಮ, ಒಂದು ಹಾರ್ನಿಗೆ ಎರಡು ಕೊಳಲು ಅಥವಾ ಎರಡು ಕ್ಲ್ಯಾರಿನೆಟ್ ಸಮ. ಮೆಲ್ಲಗೆ ನುಡಿಸುವಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ತೂಕ.

ಮಾಕ್‌ಅಪ್ಪಿಗೆ ಈ ತಕ್ಕಡಿಯ ಹಂಗಿಲ್ಲ. ಕೊಳಲಿನ ಅತಿ ಕೆಳಗಿನ ಸ್ವರ, ಮಧ್ಯ ಸಿ (ಪಿಯಾನೊದ ನಡುಭಾಗದ ಸಿ ಸ್ವರ), ಮೃದುವಾದ, ಉಸಿರು ಬೆರೆತ ದನಿ. ಕಂಪ್ಯೂಟರಿನಲ್ಲಿ ಸದ್ದಿನ ಮಟ್ಟ ಏರಿಳಿಸುವ ಫೇಡರನ್ನು ಮೇಲೆ ತಳ್ಳಿ ಅದನ್ನು ಮೂರು ಟ್ರಾಂಬೋನ್‌ಗಳ ಮೇಲೆ ಕೂರಿಸಬಹುದು; ಸ್ಟುಡಿಯೊದಲ್ಲಿ ಅದು ಮುಳುಗಿಹೋಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದಿದೆ. ಹಿತ್ತಾಳೆಯ ವಾದ್ಯ ಜೋರಾದಾಗ ಬರೀ ಮಟ್ಟ ಏರುವುದಿಲ್ಲ, ನಾದಕ್ಕೆ ಮೊನಚು ಬರುತ್ತದೆ, ಮೂಲ ಸ್ವರದ ಜೊತೆ ಸಣ್ಣಗೆ ನುಡಿಯುವ ಮೇಲಿನ ಅನುಸ್ವರಗಳು ತುಂಬಿಕೊಳ್ಳುತ್ತವೆ. ಸಂಯೋಜಕರು ಮೆಲುದನಿಯ ಟ್ರಂಪೆಟ್ ಸ್ಯಾಂಪಲ್ಲನ್ನೇ ಫೇಡರಿನಿಂದ ಎತ್ತಿದ್ದರೆ ನಿರ್ದೇಶಕರ ಕಿವಿಗೆ ಬಿದ್ದದ್ದು ‘ಮೃದುವಾದ ಆದರೆ ಜೋರಾದ’ ಟ್ರಂಪೆಟ್. ಅಂಥ ವಸ್ತು ಲೋಕದಲ್ಲಿಲ್ಲ. ಆರ್ಕೆಸ್ಟ್ರೇಟರ್ ಆಗ ಅದಕ್ಕೆ ಹತ್ತಿರದ ಬಣ್ಣ ಹುಡುಕುತ್ತಾರೆ. ಸಾಮಾನ್ಯವಾಗಿ ಎರಡೋ ನಾಲ್ಕೋ ಹಾರ್ನ್.

ಮೊದಲಿನ 56 ವಯೊಲಿನ್‌ಗಳ ಕಾರ್ಡ್ ಏನಾಗುತ್ತದೆ? ತಂತಿವಾದ್ಯಗಳ ತಂಡದಲ್ಲಿ 14 ಮೊದಲ ವಯೊಲಿನ್, 12 ಎರಡನೇ ವಯೊಲಿನ್, 10 ವಿಯೋಲಾ, 8 ಚೆಲ್ಲೊ, 6 ಡಬಲ್ ಬಾಸ್ ಇವೆ ಎನ್ನೋಣ. ಮೇಲಿನ ಸ್ವರ ಮೊದಲ ವಯೊಲಿನ್‌ಗಳಿಗೆ ಪೂರ್ತಿ, ನಡುವಿನ ಎರಡು ಸ್ವರ ಎರಡನೇ ವಯೊಲಿನ್‌ಗಳಿಗೆ ಆರಾರು, ಕೆಳಗಿನದು ಹತ್ತೂ ವಿಯೋಲಾಗಳಿಗೆ. ಕೇಳುವವರ ಗಮನ ಮೇಲಿನ ಸ್ವರದ ಮೇಲಿರುವುದರಿಂದ ಅಲ್ಲೇ ಜನಬಲ. ಹಂಚುವಾಗ ಒಂದು ಸ್ವರಕ್ಕೆ ಇಬ್ಬರೇ ಉಳಿಯುವಂತೆ ಆದರೆ ಕಷ್ಟ: ಇಬ್ಬರ ಶ್ರುತಿಯ ಸಣ್ಣ ವ್ಯತ್ಯಾಸ ಅಲೆಅಲೆಯಾಗಿ ಬೆತ್ತಲಾಗುತ್ತದೆ. ಮೂವರಿದ್ದರೆ ಕಿವಿ ಅದನ್ನು ‘ತಂಡದ ನಾದ’ ಎಂದು ಕ್ಷಮಿಸುತ್ತದೆ.

ಮಂದ್ರದಲ್ಲಿ ಇನ್ನೊಂದು ಗುಂಡಿ ಕಾದಿರುತ್ತದೆ. ಮಧ್ಯ ಸಿ ಮತ್ತು ಅದರ ಮೇಲಿನ ಇ ಒಟ್ಟಿಗೆ ಹಿತವಾಗಿರುತ್ತವೆ. ಅವುಗಳ ಕಂಪನದ ಅಂತರ ಸುಮಾರು 68 ಹರ್ಟ್ಸ್. ಅದೇ ಜೋಡಿಯನ್ನು ಎರಡು ಸ್ಥಾಯಿ ಕೆಳಗಿಳಿಸಿದರೆ 65 ಮತ್ತು 82 ಹರ್ಟ್ಸ್, ಅಂತರ ಬರೀ 17. ಒಳಕಿವಿಗೆ ಅವೆರಡನ್ನು ಬೇರ್ಪಡಿಸಲಾಗದೆ ಗುರ್ ಎಂಬ ಒರಟು ನಾದ ಕೇಳುತ್ತದೆ. ಪ್ಲೊಂಪ್ ಮತ್ತು ಲೆವೆಲ್ಟ್ ಎಂಬ ಸಂಶೋಧಕರು 1965ರಲ್ಲಿ ಈ ಒರಟುತನವನ್ನು ಅಳೆದು ತೋರಿಸಿದರು. ಅದಕ್ಕೇ ಕೆಳಗಡೆ ಸ್ವರಗಳನ್ನು ದೂರದೂರ ಇಡುವುದು, ಮೇಲೆ ಹೋದಂತೆ ಹತ್ತಿರ ತರುವುದು. ಸಂಯೋಜಕರು ಎಡಗೈಯಲ್ಲಿ ಇಡೀ ಕಾರ್ಡನ್ನು ಒತ್ತಿದ್ದರೆ, ಆರ್ಕೆಸ್ಟ್ರೇಟರ್ ಅದರ ನಡುವಿನ ಸ್ವರವನ್ನು ಸದ್ದಿಲ್ಲದೆ ಒಂದು ಸ್ಥಾಯಿ ಮೇಲಕ್ಕೆ ಎತ್ತಿಬಿಡುತ್ತಾರೆ. ರಾಕ್ಷಸ ಬರುವ ದೃಶ್ಯವಾದರೆ ಹಾಗೇ ಬಿಡುವುದೂ ಉಂಟು.

ಎರಡನೇ ಸುಳ್ಳು ದೇಹದ್ದು. ಸ್ಯಾಂಪಲ್ಲಿಗೆ ಉಸಿರು ಕಟ್ಟುವುದಿಲ್ಲ, ತುಟಿ ನೋಯುವುದಿಲ್ಲ. ಟ್ರಾಂಬೋನಿನಲ್ಲಿ ಮಧ್ಯ ಸಿಗಿಂತ ಒಂದು ಸ್ಥಾಯಿಗೂ ಸ್ವಲ್ಪ ಕೆಳಗಿನ ಬಿ ಫ್ಲ್ಯಾಟ್ ಬರುವುದು ಸ್ಲೈಡ್ ಪೂರ್ತಿ ಒಳಗಿರುವಾಗ. ಅದಕ್ಕಿಂತ ಅರ್ಧ ಸ್ವರ ಮೇಲಿರುವ ಬಿ ಬೇಕಾದರೆ ಸ್ಲೈಡನ್ನು ಸುಮಾರು ಎರಡು ಅಡಿ ಹೊರಗೆ, ಏಳನೇ ಸ್ಥಾನಕ್ಕೆ ಚಾಚಬೇಕು. ಕೀಬೋರ್ಡಿನಲ್ಲಿ ಪಕ್ಕದ ಬೆರಳಿನ ಕೆಲಸ ಇಲ್ಲಿ ತೋಳಿನ ಕಸರತ್ತು. ನಳಿಕೆಯ ಉದ್ದ ಹೆಚ್ಚಿಸುವ ಎಫ್ ವಾಲ್ವ್ ಇರುವ ವಾದ್ಯದಲ್ಲಿ ಉಪಾಯ ಉಂಟು, ಇಲ್ಲದ ವಾದ್ಯಕ್ಕೆ ಅಂಥ ವೇಗದ ಸಾಲು ಬರೆದರೆ ಬರೆದವರ ಅಜ್ಞಾನ ಎಲ್ಲರೆದುರು ಬಯಲು.

ಹಾರ್ಪ್ ಅಂತೂ ಬಲೆ. 47 ತಂತಿ, 7 ಪೆಡಲ್. ಪ್ರತಿ ಪೆಡಲ್ ಒಂದು ಸ್ವರನಾಮವನ್ನು ಎಲ್ಲ ಸ್ಥಾಯಿಗಳಲ್ಲೂ ಒಟ್ಟಿಗೆ ಫ್ಲ್ಯಾಟ್ (ಅರ್ಧ ಸ್ವರ ಕೆಳಗೆ), ಸಹಜ, ಶಾರ್ಪ್ (ಅರ್ಧ ಸ್ವರ ಮೇಲೆ) ಮಾಡುತ್ತದೆ. ಒಂದು ಕೈ ಸಿ, ಇನ್ನೊಂದು ಕೈ ಸಿ ಶಾರ್ಪ್ ಮೀಟಲಾಗದು. ಸಿ ಶಾರ್ಪನ್ನು ಡಿ ಫ್ಲ್ಯಾಟ್ ಎಂದು ಬರೆದರೆ ಆಗುತ್ತದೆ, ಏಕೆಂದರೆ ಅದು ಬೇರೆ ತಂತಿ. ಮಿಡಿಗೆ ಈ ಭೇದವೇ ಗೊತ್ತಿಲ್ಲ. ಅದರ ಪಾಲಿಗೆ ಎರಡೂ 61 ಎಂಬ ಒಂದೇ ಸಂಖ್ಯೆ. ಹಾಗಾಗಿ ಫೈಲನ್ನು ನೊಟೇಶನ್ ತಂತ್ರಾಂಶಕ್ಕೆ ಹಾಕಿದ ಕೂಡಲೇ ಸ್ವರಗಳ ಕಾಗುಣಿತ ತಿದ್ದುವ ಕೆಲಸ ಶುರು. ಕಾಲವೂ ಕೆಟ್ಟಿರುತ್ತದೆ. ಕೆಲವು ತಂತಿವಾದ್ಯದ ಸ್ಯಾಂಪಲ್‌ಗಳಲ್ಲಿ ಒತ್ತಿದ ಮೇಲೆ ನಾದ ಅರಳಲು 120 ಮಿಲಿಸೆಕೆಂಡಿನಷ್ಟು ಬೇಕು. ಅದನ್ನು ಸರಿದೂಗಿಸಲು ಸಂಯೋಜಕರು ಸ್ವರಗಳನ್ನು ಅಷ್ಟೇ ಹಿಂದಕ್ಕೆ ಎಳೆದಿಟ್ಟಿರುತ್ತಾರೆ. ನಿಮಿಷಕ್ಕೆ 120 ಬೀಟಿನ ಗತಿಯಲ್ಲಿ ಅದು ಬೀಟಿನ ಸುಮಾರು ಕಾಲುಭಾಗ. ಶುದ್ಧಗೊಳಿಸದೆ ಅಚ್ಚು ಹಾಕಿದರೆ ಸರಳ ನಡೆಯ ರಾಗವೂ ಓದಲಾಗದ ಚುಕ್ಕಿ-ಗೆರೆಗಳ ಪೊದೆಯಾಗಿ ಕಾಣುತ್ತದೆ.

ಇನ್ನು ಚಿತ್ರಕ್ಕೆ ಹೊಂದಿಸುವ ಗಣಿತ. ಸಿನಿಮಾ ಸೆಕೆಂಡಿಗೆ 24 ಫ್ರೇಮು, ನಿಮಿಷಕ್ಕೆ 1440. ಗತಿಯನ್ನು ಬೀಟಿಗೆ ಇಷ್ಟು ಫ್ರೇಮು ಎಂದೂ ಹೇಳಬಹುದು: 12 ಫ್ರೇಮಿಗೊಂದು ಬೀಟ್ ಎಂದರೆ 120. ಹಳೆಯ ಕಾರ್ಟೂನ್ ಸ್ಟುಡಿಯೊಗಳು ಫಿಲ್ಮಿನ ಸೌಂಡ್‌ಟ್ರ್ಯಾಕಿನಲ್ಲಿ ಸಮಾನ ಅಂತರಕ್ಕೆ ತೂತು ಕೊರೆದು ಟಿಕ್ ಟಿಕ್ ಬರಿಸುತ್ತಿದ್ದವು. ವಾದಕರು ಗತಿ ಹಿಡಿಯಲು ಕೇಳಿಸಿಕೊಳ್ಳುವ ಕ್ಲಿಕ್ ಟ್ರ್ಯಾಕ್ ಹುಟ್ಟಿದ್ದು ಹಾಗೆ.

ಒಂದು ಕ್ಯೂ (ದೃಶ್ಯಕ್ಕೆಂದು ಬರೆದ ಸಂಗೀತದ ತುಣುಕು) ಶುರುವಾದ 180ನೇ ಫ್ರೇಮಿಗೆ, ಅಂದರೆ ಏಳೂವರೆ ಸೆಕೆಂಡಿಗೆ, ಬಾಗಿಲು ಧಡಾರನೆ ಬಡಿಯುತ್ತದೆ ಎನ್ನೋಣ. ನಾಲ್ಕು ಬಾರ್‌ಗಳ (ಬಾರ್ ಎಂದರೆ ತಾಳದ ಒಂದು ಸುತ್ತು) 16 ಬೀಟು ಮುಗಿದು ಐದನೇ ಬಾರಿನ ಮೊದಲ ಬೀಟು ಅಲ್ಲಿಗೆ ಬೀಳಬೇಕು. 180ನ್ನು 16ರಿಂದ ಭಾಗಿಸಿದರೆ ಬೀಟಿಗೆ 11.25 ಫ್ರೇಮು; ಗತಿ 128. ಎಲ್ಲ ಸರಿ. ಸ್ಕೋರ್ ಮುಗಿದ ಮೇಲೆ ಎಡಿಟರ್ ಆ ದೃಶ್ಯದಿಂದ 20 ಫ್ರೇಮು ಕತ್ತರಿಸುತ್ತಾರೆ. ಹದಿನಾರೇ ಬೀಟು ಉಳಿಸಿಕೊಂಡರೆ ಗತಿ 144ಕ್ಕೆ ಜಿಗಿಯುತ್ತದೆ, ಗಂಭೀರ ನಡಿಗೆ ಓಟವಾಗುತ್ತದೆ. ಅದರ ಬದಲು ಎರಡು ಬೀಟು ತೆಗೆದು ನಾಲ್ಕನೇ ಬಾರನ್ನು ಎರಡು ಬೀಟಿನದಾಗಿ ಮಾಡಿ: 160 ಫ್ರೇಮಿಗೆ 14 ಬೀಟು, ಗತಿ ಸರಿಯಾಗಿ 126. 128ಕ್ಕೂ 126ಕ್ಕೂ ವ್ಯತ್ಯಾಸ ಕಿವಿಗೆ ಸಿಗುವುದು ದುರ್ಲಭ. ಯಾವ ಎರಡು ಬೀಟು ತೆಗೆದರೆ ರಾಗದ ಕತ್ತು ಮುರಿಯುವುದಿಲ್ಲ ಎನ್ನುವುದು ಮಾತ್ರ ಭಾಗಾಕಾರಕ್ಕೆ ತಿಳಿಯದು. ಬಾರ್‌ಗಳನ್ನು ಸೇರಿಸಬೇಕಾಗಿ ಬಂದಾಗ 23ಎ, 23ಬಿ ಎಂದು ಸಂಖ್ಯೆ ಕೊಡುತ್ತಾರೆ, ಮುಂದಿನ ಬಾರ್‌ಗಳ ಸಂಖ್ಯೆ ಕದಲಬಾರದು. ಕದಲಿದರೆ ವಾದಕರ ಹಾಳೆ ಒಂದು ಹೇಳುತ್ತದೆ, ಕಂಪ್ಯೂಟರ್ ಇನ್ನೊಂದು ಹೇಳುತ್ತದೆ.

ದೃಶ್ಯದಲ್ಲಿ ಮಾತಿದ್ದರೆ ಸಂಗೀತ ಜಾಗ ಬಿಡಬೇಕು. ಮಾತು ಅರ್ಥವಾಗುವುದು ಬಹುಮಟ್ಟಿಗೆ ವ್ಯಂಜನಗಳಿಂದ, ಅವುಗಳ ಸುಳಿವು ಹೆಚ್ಚಾಗಿ ಇರುವುದು 2000ದಿಂದ 4000 ಹರ್ಟ್ಸ್ ಆಸುಪಾಸು. ಒಬೋ ಎಂಬ ಊದುವ ವಾದ್ಯ ಏಕಾಂಗಿಯಾಗಿ ಹಾಡಿದರೆ ಕಿವಿ ಅದನ್ನು ಇನ್ನೊಬ್ಬ ಪಾತ್ರ ಎಂಬಂತೆ ಹಿಂಬಾಲಿಸುತ್ತದೆ, ಸಂಭಾಷಣೆ ಕೈಬಿಟ್ಟುಹೋಗುತ್ತದೆ. ಇನ್ನು ಕೆಳಸ್ಥಾಯಿಯ ಜೋರು ಸದ್ದು ಮೇಲಿನವನ್ನು ಮುಚ್ಚುವಷ್ಟು ಮೇಲಿನದು ಕೆಳಗಿನವನ್ನು ಮುಚ್ಚುವುದಿಲ್ಲ. ಹಾಗಾಗಿ ದಪ್ಪ ಬಾಸ್ ಕೂಡ ಅಪಾಯವೇ. ಮ್ಯೂಟ್ ಎಂಬ ಪುಟ್ಟ ಅಡ್ಡಿ ಹಾಕಿದ ತಂತಿವಾದ್ಯಗಳ ನೀಳ ಸ್ವರ ಒಳ್ಳೆಯ ದಾರಿ, ಮ್ಯೂಟ್ ಮೇಲಿನ ಅನುಸ್ವರಗಳನ್ನು ತಗ್ಗಿಸುತ್ತದೆ. ಅದನ್ನು ಹಾಕಿಕೊಳ್ಳಲು ನಾಲ್ಕೈದು ಸೆಕೆಂಡು ವಿರಾಮ ಬರೆಯಲು ಮರೆತರೆ ಮ್ಯೂಟ್ ಇನ್ನೂ ಕೈಯಲ್ಲೇ ಇರುವಾಗ ಸ್ವರ ಬಂದುಬಿಡುತ್ತದೆ. ಕಲಿಯುವವರು ಸಾಲುಸಾಲಾಗಿ ಮಾಡುವ ತಪ್ಪು ಇದು.

ಸ್ಕೋರ್ ಮುಗಿದ ಮೇಲೆ ಪ್ರತಿ ವಾದಕರ ಹಾಳೆ ಸಿದ್ಧವಾಗಬೇಕು. ಕಂಟ್ರೋಲ್ ರೂಮಿನ ಸ್ಕೋರಿನಲ್ಲಿ ಸಾಮಾನ್ಯವಾಗಿ ಕೇಳುವ ಶ್ರುತಿಯೇ ಇರುತ್ತದೆ. ವಾದಕರ ಹಾಳೆಯಲ್ಲಿ ಮಾತ್ರ ವಾದ್ಯದ ಭಾಷೆ. ಸಿ ಕೇಳಬೇಕಾದರೆ ಬಿ ಫ್ಲ್ಯಾಟ್ ಕ್ಲ್ಯಾರಿನೆಟ್ಟಿಗೆ ಡಿ ಎಂದೂ, ಎಫ್ ಹಾರ್ನಿಗೆ ಜಿ ಎಂದೂ ಬರೆಯಬೇಕು. ಹಾಳೆ ಸಿದ್ಧಪಡಿಸುವ ನೊಟೇಶನ್ ತಂತ್ರಾಂಶಗಳ ಪೈಕಿ ಫಿನಾಲೆಯ ಅಭಿವೃದ್ಧಿ 2024ರಲ್ಲಿ ನಿಂತುಹೋದದ್ದರಿಂದ ದಶಕಗಳ ಫೈಲುಗಳು ಡೊರಿಕೊ, ಸಿಬೆಲಿಯಸ್‌ಗಳಿಗೆ ಗುಳೆ ಹೊರಟಿವೆ. ಬಾರ್ ಬಾರಿಗೂ ಸಂಖ್ಯೆ ಬೇಕು. ‘ಹಿಂದಿನದೇ ಮತ್ತೊಮ್ಮೆ’ ಎಂಬ ಪುನರಾವರ್ತನೆ ಚಿಹ್ನೆ ಬೇಡ. ಹಾಳೆ ಮಗುಚುವ ಜಾಗದಲ್ಲಿ ವಿರಾಮ ಬೇಕು, ಇಲ್ಲವಾದರೆ ಹಾಳೆಯ ಸರಪರ ಮೈಕಿನಲ್ಲಿ ಕೂರುತ್ತದೆ. ಇಷ್ಟೆಲ್ಲ ಏಕೆಂದರೆ ವಾದಕರು ಈ ಸಂಗೀತವನ್ನು ಮೊದಲ ಬಾರಿ ನೋಡುವುದೇ ಅಂದು, ಅಲ್ಲಿ. ಒಂದು ತಪ್ಪು ಸ್ವರ ಹುಡುಕಲು 5 ನಿಮಿಷ ಹೋಯಿತು ಎನ್ನಿ. 80 ಜನ ಕೂತಿದ್ದರೆ ಸಂಬಳ ಎಣಿಸಬೇಕಾದದ್ದು 400 ನಿಮಿಷಕ್ಕೆ, ಅಂದರೆ ಆರು ಗಂಟೆ ನಲವತ್ತು ನಿಮಿಷಕ್ಕೆ.

ದುಡ್ಡಿನ ರೀತಿಯೂ ವಿಚಿತ್ರ. ಅಮೆರಿಕದ ವಾದಕರ ಸಂಘದ ದರಪಟ್ಟಿಯಲ್ಲಿ ಆರ್ಕೆಸ್ಟ್ರೇಟರಿಗೆ ಕೂಲಿ ಪುಟದ ಲೆಕ್ಕದಲ್ಲಿ. ಒಂದು ಪುಟ ಎಂದರೆ ನಾಲ್ಕು ಬಾರ್. ಮೂರು ನಿಮಿಷದ ಕ್ಯೂ ನಾಲ್ಕು ಬೀಟಿನ ಬಾರ್‌ಗಳಲ್ಲಿ 120ರ ಗತಿಗೆ 90 ಬಾರ್, 60ರ ಗತಿಗೆ 45. ಹೊಡೆದಾಟದ ದೃಶ್ಯಕ್ಕೆ ಸಾವಿನ ದೃಶ್ಯದ ಇಮ್ಮಡಿ! ಬರೆಯುವ ಶ್ರಮವೂ ಹೆಚ್ಚುಕಡಿಮೆ ಅದೇ ಅನುಪಾತದಲ್ಲಿರುವುದರಿಂದ ಯಾರೂ ತಕರಾರು ಎತ್ತುವುದಿಲ್ಲ. ಬೇರೆಡೆ ನಿಮಿಷಕ್ಕಿಷ್ಟು ಅಥವಾ ಚಿತ್ರಕ್ಕಿಷ್ಟು ಎಂಬ ಗುತ್ತಿಗೆ. ಚಿತ್ರ ಮುಂದೆ ಟೀವಿಗೆ, ಡಿಸ್ಕಿಗೆ ಹೋದಾಗ ವಾದಕರಿಗೂ ಪಾಲು ಸಿಗುವ ಒಪ್ಪಂದ ಲಾಸ್ ಏಂಜಲೀಸ್‌ನಲ್ಲಿದೆ. ಬುಡಾಪೆಸ್ಟ್, ಪ್ರಾಗ್‌ನಂಥ ನಗರಗಳಲ್ಲಿ ಒಂದೇ ಸಲದ ಪಾವತಿ, ನಿರ್ಮಾಪಕರು ಅತ್ತ ಮುಖ ಮಾಡಲು ದೊಡ್ಡ ಕಾರಣವೇ ಇದು. ಸಂಯೋಜಕರು ಸಾವಿರಾರು ಮೈಲಿ ದೂರದಿಂದ ಇಂಟರ್ನೆಟ್ಟಿನಲ್ಲಿ ಕೇಳುತ್ತಿರುತ್ತಾರೆ, ನಡುವೆ ಒಬ್ಬರು ಅನುವಾದಕರು. ಬಾಯಿಮಾತಿನಲ್ಲಿ ತಿದ್ದುವ ಅವಕಾಶ ಕಡಿಮೆಯಾದಷ್ಟೂ ಎಲ್ಲವನ್ನೂ ಹಾಳೆಯೇ ಹೇಳಬೇಕು.

ಹಾಳೆಯಲ್ಲಿ ಮರೆಯುವ ಕೊನೆಯ ಸಾಲೊಂದಿದೆ. ವಾದಕರೆಲ್ಲ ಹೆಡ್‌ಫೋನಿನಲ್ಲಿ ಕ್ಲಿಕ್ ಕೇಳುತ್ತ ನುಡಿಸುತ್ತಾರೆ. ಸಂಗೀತ ಜೋರಾಗಿರುವಾಗ ಹೆಡ್‌ಫೋನಿನಿಂದ ಸೋರುವ ಟಿಕ್ ಟಿಕ್ ಯಾರಿಗೂ ಕೇಳದು. ಕೊನೆಯ ನೀಳ ಸ್ವರ ಕರಗಿ ಹಾಲ್ ಮೌನವಾಗುವಾಗ 80 ಹೆಡ್‌ಫೋನ್‌ಗಳ ಟಿಕ್ಕುಗಳು ಒಟ್ಟಾಗಿ ಮೈಕಿಗೆ ಸಿಗುತ್ತವೆ. ಅದಕ್ಕೆ ಆ ಸ್ವರ ಶುರುವಾದ ಬೀಟಿನ ನೆತ್ತಿಯ ಮೇಲೆ ‘ಕ್ಲಿಕ್ ಬಂದ್’ ಎಂದು ಬರೆದಿಡುತ್ತಾರೆ. ಅಲ್ಲಿಂದಾಚೆಗೆ ಎಣಿಕೆಯಿಲ್ಲ. ಎಲ್ಲರ ಕಣ್ಣು ಕಂಡಕ್ಟರ್ ಕೈಯ ಮೇಲೆ, ಕಮಾನುಗಳು ತಂತಿಯಿಂದ ಒಂದಿಂಚು ಮೇಲೆ ನಿಂತಲ್ಲೇ ನಿಂತಿರುತ್ತವೆ, ಕೆಂಪು ದೀಪ ಆರುವ ತನಕ.